ಸೊನ್ನೆ ತೋರಿಸುವ ಮೀಟರು, ಗಾಳಿ ಹಿಡಿಯುವ ಬಕೆಟ್

ಅನಿಲ ಮೀಟರಿನ ಪರದೆಯ ಮೇಲೆ 0.0 ಎಂದು ಕಂಡ ಕೂಡಲೇ ಜನ ನಿಟ್ಟುಸಿರು ಬಿಟ್ಟು ಕಿಟಕಿ ತೆರೆಯುತ್ತಾರೆ. ನನ್ನ ತಕರಾರು ಇರುವುದು ಆ ಸೊನ್ನೆಯ ಬಗ್ಗೆಯೇ. ರಾಸಾಯನಿಕ ಅವಘಡವಾದ ಮೇಲೆ ಮನೆಮನೆಗೆ ಬಂದು ಗಾಳಿ ಪರೀಕ್ಷಿಸುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಪಿಐಡಿ ಎಂಬ ಮೀಟರು. ಅತಿನೇರಳೆ ದೀಪದ ಬೆಳಕಿನಿಂದ ಆವಿಯ ಅಣುಗಳನ್ನು ಅಯಾನುಗಳಾಗಿ ಒಡೆದು, ಹುಟ್ಟುವ ವಿದ್ಯುತ್ತನ್ನು ಅಳೆಯುವುದು ಅದರ ಕೆಲಸ. ಇಂಥ ಮೀಟರುಗಳಲ್ಲಿ ಬಹಳಷ್ಟು 0.1 ಪಿಪಿಎಂಗಿಂತ (ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ) ಕೆಳಗಿನದನ್ನು ತೋರಿಸುವುದಿಲ್ಲ. ಐಸೊಬ್ಯುಟಿಲೀನ್ ಅನಿಲಕ್ಕೆ ಹೊಂದಿಸಿದ ಮೀಟರಿನಲ್ಲಿ 0.1 ಎಂದರೆ, ಪೆಟ್ರೋಲಿನಲ್ಲೂ ಇರುವ ವಿಷಕಾರಿ ದ್ರಾವಕ ಬೆಂಜೀನ್ ಲೆಕ್ಕದಲ್ಲಿ, ಸುಮಾರು 50 ಪಿಪಿಬಿ (ನೂರು ಕೋಟಿ ಭಾಗದಲ್ಲಿ 50 ಭಾಗ). ಘನ ಮೀಟರಿಗೆ 160 ಮೈಕ್ರೊಗ್ರಾಂ. ಬೆಂಜೀನ್‌ಗೆ ಭಾರತವೂ ಯುರೋಪಿಯನ್ ಒಕ್ಕೂಟವೂ ಇಟ್ಟುಕೊಂಡು ಬಂದಿರುವ ವಾರ್ಷಿಕ ಸರಾಸರಿ ಮಿತಿ 5 ಮೈಕ್ರೊಗ್ರಾಂ. ಅಂದರೆ ಆ ಮಿತಿಯ ಹತ್ತಿರ ಹತ್ತಿರ ಮೂವತ್ತು ಪಟ್ಟಿನವರೆಗೂ ಪರದೆಯ ಮೇಲೆ ಸೊನ್ನೆಯೇ ಕುಳಿತಿರಬಹುದು.

ಹಾಗೆಂದು ಮೀಟರು ಸುಳ್ಳು ಹೇಳುತ್ತಿದೆ ಎಂದಲ್ಲ. ಅದನ್ನು ಮಾಡಿರುವುದೇ ‘ಈಗಿಂದೀಗ ಇಲ್ಲಿಂದ ಓಡಬೇಕೇ?’ ಎಂಬ ಪ್ರಶ್ನೆಗೆ ಉತ್ತರ ಹೇಳಲು. ಅಮೆರಿಕದ ತುರ್ತು ಮಾರ್ಗಸೂಚಿಯಲ್ಲಿ ಬೆಂಜೀನ್‌ನ ಮೊದಲ ಹಂತ, ಎಂಟು ಗಂಟೆಯ ಒಡ್ಡಿಕೆಗೆ, 9 ಪಿಪಿಎಂ. ಆ ಅಳತೆಗೋಲಿಗೆ 0.1 ಏನೇನೂ ಅಲ್ಲ. ಆದರೆ ಮಗುವನ್ನು ಅದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವ ತಾಯಿಗೆ ಬೇಕಾಗಿರುವುದು ಬೇರೆಯೇ ಅಳತೆಗೋಲು. ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಅಂಟಿಸಿ ‘ಗಾಳಿ ಸುರಕ್ಷಿತ’ ಎಂದು ಸಾರಿದಾಗ ಜಗಳ ಶುರುವಾಗುತ್ತದೆ.

ರಾಸಾಯನಿಕ ಟ್ಯಾಂಕುಗಳ ಸಾಲಿಗೆ ಹತ್ತಿರ ಇರುವ ನಮ್ಮ ಗುಂಪಿಗಾಗಿ ನಾನು ಕಟ್ಟಿದ ಕಿಟ್‌ನಲ್ಲಿ ಅದಕ್ಕೇ ಎರಡು ಉಪಕರಣಗಳಿವೆ: ಎಚ್ಚರಿಸುವುದಕ್ಕೆ ಪಿಐಡಿ, ಸಾಕ್ಷಿ ಹಿಡಿದಿಡುವುದಕ್ಕೆ ಬಕೆಟ್. ಎರಡರಲ್ಲಿ ಒಂದನ್ನೇ ಮಾಡುವಷ್ಟು ಮಾತ್ರ ಸಮಯವಿದ್ದರೆ ಬಕೆಟ್ ಮಾಡಿ.

ಬಕೆಟ್

ಬಕೆಟ್‌ನ ವಿನ್ಯಾಸ ನನ್ನದಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ರೋಡಿಯೊ ಎಂಬಲ್ಲಿನ ಯುನೊಕಲ್ ತೈಲ ಶುದ್ಧೀಕರಣಾಗಾರದಿಂದ ಕ್ಯಾಟಕಾರ್ಬ್ ಎಂಬ ರಾಸಾಯನಿಕ ದ್ರಾವಣ ಎರಡು ವಾರಕ್ಕೂ ಹೆಚ್ಚು ಕಾಲ ಸೋರಿತು. ಅಲ್ಲಿನ ನಿವಾಸಿಗಳ ಪರ ನಿಂತ ವಕೀಲ ಎಡ್ವರ್ಡ್ ಮ್ಯಾಸ್ರಿ ಜನರೇ ಬಳಸಬಹುದಾದ ಸರಳ ಸಾಧನವೊಂದು ಬೇಕೆಂದು ಎಂಜಿನಿಯರುಗಳಿಂದ 1995ರಲ್ಲಿ ಮಾಡಿಸಿದ್ದು ಇದರ ಮೂಲ ರೂಪ. ‘ಬಕೆಟ್ ಬ್ರಿಗೇಡ್’ ಎಂಬ ಹೆಸರಿನಲ್ಲಿ ಅದು ಆಮೇಲೆ ಹಲವು ದೇಶಗಳಿಗೆ ಹರಡಿತು. ತತ್ವ ಸುಲಭ. ಗಾಳಿ ಬಿಗಿದ ಬಕೆಟ್‌ನೊಳಗೆ ಒಂದು ಖಾಲಿ ಚೀಲ. ಚೀಲದ ಬಾಯಿ ಮುಚ್ಚಳದ ಮೂಲಕ ಹೊರಗಿನ ಗಾಳಿಗೆ ತೆರೆದಿರುತ್ತದೆ. ಬಕೆಟ್‌ನೊಳಗಿನ, ಆದರೆ ಚೀಲದ ಹೊರಗಿನ ಗಾಳಿಯನ್ನು ಪಂಪು ಎಳೆಯುತ್ತದೆ. ಪಕ್ಕೆಲುಬು ಹಿಗ್ಗಿದಾಗ ಶ್ವಾಸಕೋಶ ತುಂಬುವಂತೆ ಚೀಲ ತಾನಾಗಿ ಉಬ್ಬುತ್ತದೆ. ಮಾದರಿ ಗಾಳಿ ಪಂಪನ್ನು ಮುಟ್ಟುವುದೇ ಇಲ್ಲ. ಇಡೀ ವಿನ್ಯಾಸದ ಜಾಣತನ ಇಷ್ಟರಲ್ಲೇ ಇದೆ. ಪಂಪಿನ ಒಳಗಿನ ರಬ್ಬರು, ಎಣ್ಣೆ, ಹಳೆಯ ವಾಸನೆ ಯಾವುದೂ ಚೀಲಕ್ಕೆ ಸೇರುವುದಿಲ್ಲ.

ಹಾಗಾಗಿ ಕಟ್ಟುವಾಗ ಪಾಲಿಸಬೇಕಾದ ನಿಯಮವೂ ಅದೇ: ಕೊಳಕು ಏನಿದ್ದರೂ ಪಂಪಿನ ಕಡೆಗೆ, ಚೀಲದ ಕಡೆಗೆ ಟೆಫ್ಲಾನ್ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಮಾತ್ರ. ನಾನು ತೆಗೆದುಕೊಂಡದ್ದು ತಿರುಗಿಸಿ ಮುಚ್ಚುವ, ಗ್ಯಾಸ್ಕೆಟ್ ಇರುವ ಮುಚ್ಚಳದ 20 ಲೀಟರ್ ಬಕೆಟ್. ಬಣ್ಣದ ಡಬ್ಬವನ್ನು ತೊಳೆದು ಬಳಸುವ ಆಸೆ ಬೇಡ. ಪ್ಲಾಸ್ಟಿಕ್ ಹೀರಿಕೊಂಡ ದ್ರಾವಕ ಎಷ್ಟು ತೊಳೆದರೂ ಹೋಗುವುದಿಲ್ಲ. ಮುಚ್ಚಳದಲ್ಲಿ ಎರಡು ರಂಧ್ರ, ಎರಡಕ್ಕೂ ಒಳಗಿಂದ ನಟ್ ಬಿಗಿಯುವ ಸ್ಟೀಲ್ ಜೋಡಣೆಗಳು. ಡ್ರಿಲ್ ಬಿಟ್ ಪ್ಲಾಸ್ಟಿಕ್ಕನ್ನು ಹರಿದು ಅಂಚನ್ನು ಒರಟಾಗಿಸುತ್ತದೆ. ಅದರ ಬದಲು ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಬಿಟ್ ಬಳಸಿದರೆ ಅಂಚು ನಯವಾಗಿ ಬರುತ್ತದೆ, ವಾಷರ್ ಚೆನ್ನಾಗಿ ಕೂರುತ್ತದೆ. ಎಳೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಕು. ಸಿಲಿಕೋನ್ ಅಂಟು ಕೂಡದು. ಅದು ಒಣಗುವಾಗ ಬಿಡುವ ಹುಳಿ ವಾಸನೆ ಅಸಿಟಿಕ್ ಆಮ್ಲದ್ದು. ಸಿಲಿಕೋನ್ ನಳಿಕೆಯೂ ಅಷ್ಟೇ: ಬಗ್ಗಿಸಲು ಮೃದುವಾಗಿದ್ದರೂ ಸಾವಯವ ಆವಿಗಳನ್ನು ಹೀರಿಟ್ಟುಕೊಂಡು ಮುಂದಿನ ಮಾದರಿಗೆ ಬಿಟ್ಟುಕೊಡುತ್ತದೆ.

ಚೀಲ ಟೆಡ್ಲಾರ್ ಎಂಬ ಪ್ಲಾಸ್ಟಿಕ್ ಹಾಳೆಯದು, ಐದು ಲೀಟರಿನದು, ತಿರುಗಿಸಿ ಮುಚ್ಚುವ ಪುಟ್ಟ ವಾಲ್ವ್ ಇರುವಂಥದ್ದು. ಟೆಡ್ಲಾರ್ ಕೂಡ ಪೂರ್ತಿ ಸಾಧುವಲ್ಲ. ಅದರಿಂದಲೇ ಫೀನಾಲ್ ಮತ್ತು ಡೈಮೀಥೈಲ್ ಅಸಿಟಮೈಡ್ ಸ್ವಲ್ಪ ಸ್ವಲ್ಪ ಹೊರಬರುತ್ತವೆ. ವರದಿಯಲ್ಲಿ ಈ ಎರಡು ಹೆಸರು ಕಂಡರೆ ಕಾರ್ಖಾನೆಯ ಮೇಲೆ ಎಗರುವ ಮುನ್ನ ಖಾಲಿ ಚೀಲದ ಫಲಿತಾಂಶ ನೋಡಬೇಕು. ಬಳಸುವ ಮೊದಲು ಶುದ್ಧ ಸಾರಜನಕ ತುಂಬಿ ಖಾಲಿ ಮಾಡುವುದನ್ನು ಮೂರು ಸಲ ಮಾಡುತ್ತೇವೆ. ಅದೇ ಕಟ್ಟಿನ ಇನ್ನೊಂದು ಚೀಲಕ್ಕೆ ಸಾರಜನಕ ಮಾತ್ರ ತುಂಬಿ, ಮಾದರಿ ಹೋದಲ್ಲೆಲ್ಲ ಜೊತೆಯಲ್ಲೇ ಕೊಂಡೊಯ್ದು, ಅದನ್ನೂ ಪ್ರಯೋಗಾಲಯಕ್ಕೆ ಕೊಡುವುದು ಕಡ್ಡಾಯ. ‘ಏನೂ ಇಲ್ಲದ ಚೀಲಕ್ಕೆ ಪರೀಕ್ಷಾ ಶುಲ್ಕ ಯಾಕೆ?’ ಎಂದು ಗುಂಪಿನಲ್ಲಿ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಆ ಚೀಲ ಇಲ್ಲದಿದ್ದರೆ ಎದುರಾಳಿಯ ವಕೀಲ ಕೇಳುವ ಮೊದಲ ಪ್ರಶ್ನೆಗೇ ನಮ್ಮ ಬಳಿ ಉತ್ತರವಿರುವುದಿಲ್ಲ.

ಪಂಪು 12 ವೋಲ್ಟಿನ ಪುಟ್ಟ ಡಯಾಫ್ರಾಮ್ ಪಂಪು. ನೇರವಾಗಿ ಬಿಟ್ಟರೆ ಬಕೆಟ್‌ನ ಗೋಡೆಯೇ ಒಳಕ್ಕೆ ಸೊಟ್ಟಗಾಗುವಷ್ಟು ಎಳೆಯುತ್ತದೆ. ಆದ್ದರಿಂದ ಪಂಪಿನ ಕಡೆಗೆ ಒಂದು ಸೂಜಿ ವಾಲ್ವ್ ಹಾಕಿ ಹರಿವನ್ನು ಕಟ್ಟಿಹಾಕಿದೆ. ನಿಮಿಷಕ್ಕೆ ಒಂದು ಲೀಟರ್ ಬಿಟ್ಟರೆ ಮೂರು ನಿಮಿಷದಲ್ಲಿ ಮೂರು ಲೀಟರ್ ಸಿಗುತ್ತದೆ. ವಾಸನೆ ಬಂದ ಗಳಿಗೆಯನ್ನು ಹಿಡಿಯಲು ಇದು ಸಾಕು. ನಿಮಿಷಕ್ಕೆ 50 ಮಿಲಿಲೀಟರ್‌ಗೆ ಇಳಿಸಿದರೆ ಅದೇ ಮೂರು ಲೀಟರ್ ಒಂದು ಗಂಟೆಯ ಸರಾಸರಿಯಾಗುತ್ತದೆ. ವಾಲ್ವ್‌ನ ಗುಬುಟಿನ ಮೇಲೆ ಈ ಎರಡು ಸ್ಥಾನಗಳಿಗೂ ಗೀರು ಹಾಕಿದ್ದೇನೆ, ಕತ್ತಲಲ್ಲಿ ಉಗುರಿಗೆ ಸಿಗುವಂತೆ. ಚೀಲವನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಬಿಸಿಲಿಗೆ ಗಾಳಿ ಹಿಗ್ಗಿದರೆ ಹೊಲಿಗೆ ಬಿಡುತ್ತದೆ.

ಸೋರಿಕೆ ಹುಡುಕುವುದು

ಒಳಗೆ ಚೀಲವಿಲ್ಲದೆ ಬಕೆಟ್ ಮುಚ್ಚಿ, ಒಳಹರಿವಿನ ವಾಲ್ವ್ ಬಂದ್ ಮಾಡಿ, ಸ್ವಲ್ಪ ಎಳೆದು ಪಂಪು ನಿಲ್ಲಿಸಿದರೆ ನಿರ್ವಾತ ಮಾಪಕದ ಮುಳ್ಳು ನಿಂತಲ್ಲೇ ನಿಲ್ಲಬೇಕು. ನನ್ನ ಮುಳ್ಳು ನಿಧಾನವಾಗಿ ಜಾರುತ್ತಿತ್ತು. ಪಂಪನ್ನು ತಿರುಗಿಸಿ ಜೋಡಿಸಿ, ಒಳಕ್ಕೆ ತುಸುವೇ ಗಾಳಿ ಒತ್ತಿ, ಮುಚ್ಚಳದ ಮೇಲೆಲ್ಲ ಕುಂಚದಿಂದ ಸೋಪಿನ ನೀರು ಬಳಿದೆ. ಗ್ಯಾಸ್ಕೆಟ್ ಸುತ್ತ ಏನೂ ಇಲ್ಲ. ಚೀಲದ ಕಡೆಯ ಜೋಡಣೆಯ ನಟ್‌ನ ಒಂದು ಮೂಲೆಯಲ್ಲಿ ಮಾತ್ರ, ಸಾಸಿವೆಗಿಂತ ಚಿಕ್ಕದಾದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದು, ಒಡೆಯದೆ, ಒಂದಕ್ಕೊಂದು ಅಂಟಿಕೊಂಡು ಬಿಳಿ ನೊರೆಯ ಗೆರೆಯಾಗಿ ನಿಂತವು. ಬಿಚ್ಚಿ ನೋಡಿದರೆ ಮುಚ್ಚಳದ ಅಚ್ಚಿನಲ್ಲೇ ಇದ್ದ ಒಂದು ಉಬ್ಬುಗೆರೆ ವಾಷರ್‌ನ ಕೆಳಗೆ ಬಂದಿತ್ತು. ಉಬ್ಬನ್ನು ಹರಿತವಾದ ಬ್ಲೇಡಿನಿಂದ ಕೆತ್ತಿ, ಸಣ್ಣ ಮರಳು ಕಾಗದದಿಂದ ಉಜ್ಜಿ ಮತ್ತೆ ಬಿಗಿದ ಮೇಲೆ ಮುಳ್ಳು ಅಲ್ಲಾಡಲಿಲ್ಲ.

ಬಕೆಟ್ ತುಸು ಸೋರಿದರೂ ಚೀಲ ತುಂಬುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ ಎಂದು ವಾದಿಸಬಹುದು. ಗೋಡೆಯ ಸೋರಿಕೆಗೆ ಆ ಮಾತು ನಿಜ. ಆದರೆ ಚೀಲಕ್ಕೆ ಹೋಗುವ ದಾರಿಯಲ್ಲಿ ಸೋರಿಕೆ ಇದ್ದರೆ ಬಕೆಟ್‌ನೊಳಗಿನ ಪ್ಲಾಸ್ಟಿಕ್ ವಾಸನೆಯೇ ಮಾದರಿಗೆ ಬೆರೆಯುತ್ತದೆ. ಅದಕ್ಕೆ ರಿಯಾಯಿತಿ ಇಲ್ಲ.

ಮೀಟರು

ಪಿಐಡಿ ಸೆನ್ಸರ್ ಕೊಂಡದ್ದು. ಅದರ ಸುತ್ತಲಿನ ಸರ್ಕಿಟ್ ಮಾತ್ರ ನನ್ನದು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಸೆನ್ಸರ್‌ನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಆಗಿ 16 ಬಿಟ್‌ನ ಎಡಿಎಸ್1115, ತೇವಾಂಶ ಮತ್ತು ಉಷ್ಣತೆಗೆ ಬಿಎಂಇ280, ಗಡಿಯಾರಕ್ಕೆ ಡಿಎಸ್3231, ದಾಖಲೆಗೆ ಮೆಮೊರಿ ಕಾರ್ಡ್. ಇಎಸ್‌ಪಿ32ರ ಸ್ವಂತ ಎಡಿಸಿ ತಳಭಾಗದಲ್ಲಿ ನೇರ ಗೆರೆಯಲ್ಲಿ ಓದುವುದಿಲ್ಲ. ಶುದ್ಧ ಗಾಳಿಯಲ್ಲಿ ಸೆನ್ಸರ್ ಕೊಡುವುದೇ ಕೆಲವು ಹತ್ತು ಮಿಲಿವೋಲ್ಟ್ ಆದ್ದರಿಂದ, ನಮಗೆ ಮುಖ್ಯವಾದ ಜಾಗದಲ್ಲೇ ಅದು ಕೈಕೊಡುತ್ತದೆ. ಗಡಿಯಾರವನ್ನು ಪ್ರತ್ಯೇಕವಾಗಿ ಹಾಕಲು ಕಾರಣ, ನೆಟ್‌ವರ್ಕ್ ಹೋದಾಗಲೂ ಸಮಯ ತಪ್ಪಬಾರದು. ಅವಘಡದ ಹೊತ್ತಿನಲ್ಲಿ ಮೊದಲು ಕುಸಿಯುವುದೇ ನೆಟ್‌ವರ್ಕ್.

ಎಂಕ್ಯೂ ಸರಣಿಯ ಅಗ್ಗದ ಸೆನ್ಸರ್‌ಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟೆ. ಬಿಸಿಯಾದ ಟಿನ್ ಆಕ್ಸೈಡ್ ಪದರಕ್ಕೆ ಮದ್ಯಸಾರವೂ ಒಂದೇ, ಅಡುಗೆ ಅನಿಲವೂ ಒಂದೇ, ಮಳೆಗಾಲದ ತೇವವೂ ಹೆಚ್ಚುಕಡಿಮೆ ಒಂದೇ. ಹೊಗೆಗಾಗಿ ಲೇಸರ್ ಕಣಮಾಪಕ ಪಿಎಂಎಸ್5003 ಇದೆ, ಆದರೆ ಅದರ ಸಂಖ್ಯೆ ಕಣಗಳದ್ದು, ಅನಿಲದ್ದಲ್ಲ. ಕ್ಲೋರಿನ್ ಸೋರಿದಾಗ ಕಣಮಾಪಕದ ಹಸಿರು ಬಣ್ಣ ನೋಡಿ ಹೊರಗೆ ಹೋಗುವವರನ್ನು ತಡೆಯಲೆಂದೇ ಆ ಪರದೆಯ ಮೇಲೆ ‘ಇದು ದೂಳು ಮಾತ್ರ’ ಎಂದು ಪಟ್ಟಿ ಅಂಟಿಸಿದ್ದೇನೆ.

ಪಿಐಡಿಗೂ ಕುರುಡು ಇದೆ, ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ನನ್ನದರಲ್ಲಿರುವ ದೀಪದ ಶಕ್ತಿ 10.6 ಎಲೆಕ್ಟ್ರಾನ್ ವೋಲ್ಟ್. ಅಯಾನೀಕರಣಕ್ಕೆ ಅದಕ್ಕಿಂತ ಕಡಿಮೆ ಶಕ್ತಿ ಸಾಕಾಗುವ ಅಣುಗಳು ಮಾತ್ರ ಕಾಣುತ್ತವೆ: ಸ್ಟೈರೀನ್ 8.4, ಬೆಂಜೀನ್ 9.24, ವಿನೈಲ್ ಕ್ಲೋರೈಡ್ 9.99. ಅಮೋನಿಯಾ 10.18 ಇದ್ದು, ಕಂಡರೂ ತೀರ ಮಂಕಾಗಿ ಕಾಣುತ್ತದೆ. ಪರದೆಯ ಅಂಕಿಯನ್ನು ಸುಮಾರು ಹತ್ತರಿಂದ ಗುಣಿಸಬೇಕು. ಕ್ಲೋರಿನ್ 11.48, ಫಾಸ್ಜೀನ್ 11.55, ಹೈಡ್ರೋಜನ್ ಕ್ಲೋರೈಡ್ 12.74, ಕಾರ್ಬನ್ ಮಾನಾಕ್ಸೈಡ್ 14.01. ಈ ನಾಲ್ಕೂ ಎಷ್ಟೇ ದಟ್ಟವಾಗಿದ್ದರೂ ಪರದೆಯ ಮೇಲೆ ಸೊನ್ನೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಮೇಲೆ ಹರಡಿದ ಮೀಥೈಲ್ ಐಸೊಸಯನೇಟ್‌ನದು 10.67. ಕೂದಲೆಳೆಯಷ್ಟು ಅಂತರದಲ್ಲಿ ಅದೂ ಈ ದೀಪದ ಶಕ್ತಿಗಿಂತ ಮೇಲಿದೆ; ಅದಕ್ಕೆ ಈ ಮೀಟರನ್ನು ನಂಬುವಂತಿಲ್ಲ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸೋರಿದ ಸ್ಟೈರೀನ್ ಆದರೆ ಇದೇ ಮೀಟರಿಗೆ ಚೆನ್ನಾಗಿ ಕಾಣುವಂಥದ್ದು. ಮೀಟರು ಒಳ್ಳೆಯದೋ ಕೆಟ್ಟದ್ದೋ ಎಂಬುದು ಟ್ಯಾಂಕಿನಲ್ಲಿ ಏನಿತ್ತು ಎನ್ನುವುದರ ಮೇಲೆ ನಿಂತಿದೆ. ಹಾಗಾಗಿ ಕಿಟ್‌ನ ಮೊದಲ ಹಾಳೆ ಸರ್ಕಿಟ್ ಚಿತ್ರವಲ್ಲ, ಸುತ್ತಮುತ್ತ ಯಾವ ರಾಸಾಯನಿಕ ಸಂಗ್ರಹವಿದೆ ಎಂಬ ಪಟ್ಟಿ. ಪ್ರತಿ ಹೆಸರಿನ ಎದುರು ‘ಕಾಣುತ್ತದೆ’ ಅಥವಾ ‘ಕಾಣುವುದಿಲ್ಲ’. ಕ್ಲೋರಿನ್ ಇರುವಲ್ಲಿ ಅದಕ್ಕೆಂದೇ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಬೇಕು. ಅದೂ ಹೈಡ್ರೋಜನ್ ಸಲ್ಫೈಡ್ ಎದುರಾದರೆ ಸೊನ್ನೆಗಿಂತ ಕೆಳಕ್ಕೆ ಜಾರುತ್ತದೆ, ಎರಡೂ ಒಟ್ಟಿಗೆ ಬಂದರೆ ಒಂದನ್ನೊಂದು ಮುಚ್ಚಿಹಾಕಬಹುದು.

ಮಳೆ ಹಿಡಿದ ವಾರಗಳಲ್ಲಿ ಈ ಪಿಐಡಿ ರಾತ್ರಿಯೆಲ್ಲ ಏರುತ್ತ ಹೋಗಿ ಬೆಳಿಗ್ಗೆ ಇಳಿಯತೊಡಗಿತು. ಸುತ್ತ ಯಾವ ವಾಸನೆಯೂ ಇರಲಿಲ್ಲ. ದಾಖಲೆಯ ಗೆರೆಯನ್ನು ತೇವಾಂಶದ ಗೆರೆಯ ಮೇಲೆ ಇಟ್ಟು ನೋಡಿದಾಗ ಎರಡೂ ಜೋಡಿಯಾಗಿ ಏರಿಳಿದವು. ನೀರಿನ ಆವಿ ನಿಜವಾದ ಸಂಕೇತವನ್ನು ಕುಗ್ಗಿಸುತ್ತದೆ. ಆದರೆ ಒಳಗೆ ದೂಳು ಕುಳಿತಿದ್ದರೆ, ಒದ್ದೆಯಾದ ದೂಳಿನ ಮೂಲಕ ವಿದ್ಯುತ್ ಸೋರಿ ಇಲ್ಲದ ಅನಿಲವನ್ನು ತೋರಿಸುತ್ತದೆ. ಸೆನ್ಸರ್ ಬಿಚ್ಚಿ ದೀಪವನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಅದರ ಪುಟ್ಟ ಕಿಟಕಿಯ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಕಂಡಿತು. ತಯಾರಕರು ಕೊಡುವ ಅಲ್ಯುಮಿನಾ ಪುಡಿಯನ್ನು ಹತ್ತಿ ಕಡ್ಡಿಯ ತುದಿಗೆ ಹಚ್ಚಿ, ಬಣ್ಣ ಹೋಗುವತನಕ ವೃತ್ತಾಕಾರವಾಗಿ ಉಜ್ಜಿ, ಪುಡಿಯನ್ನು ಊದಿ ತೆಗೆದೆ. ಬೆರಳು ತಗಲಬಾರದು, ಚರ್ಮದ ಎಣ್ಣೆಯೇ ಇನ್ನೊಂದು ಪೊರೆಯಾಗುತ್ತದೆ. ಜೊತೆಗೆ ಒಳಹರಿವಿಗೆ ಹೊಸ ಟೆಫ್ಲಾನ್ ಶೋಧಕ ಹಾಕಿದೆ. ಏರಿಳಿತ ಪೂರ್ತಿ ನಿಲ್ಲಲಿಲ್ಲ, ಆದರೆ ಹಿನ್ನೆಲೆಯ ಸದ್ದಿನೊಳಗೆ ಅಡಗುವಷ್ಟಕ್ಕೆ ಇಳಿಯಿತು. ಬಳಸುವ ಮುನ್ನ ಪ್ರತಿ ಸಲ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದು ಒಳಹರಿವಿನ ಮುಂದೆ ಒಂದು ಗಳಿಗೆ ಹಿಡಿಯುತ್ತೇವೆ. ಅಂಕಿ ಜಿಗಿದರೆ ದೀಪ ಬದುಕಿದೆ ಎಂದರ್ಥ. ಅಳತೆ ಸರಿಯಿದೆ ಎಂದಲ್ಲ. ಅದಕ್ಕೆ ಐಸೊಬ್ಯುಟಿಲೀನ್ ಸಿಲಿಂಡರ್‌ನಿಂದಲೇ ಹೊಂದಿಸಬೇಕು.

ಹೊರಗೆ

ಮೊದಲ ಗಂಟೆಗಳಲ್ಲಿ ಯಾರೂ ಬಕೆಟ್ ಹಿಡಿದು ಹೊರಡಕೂಡದು. ಹೊಗೆ ಅಥವಾ ಮೋಡ ಕಣ್ಣಿಗೆ ಕಾಣುವಾಗ ಗಾಳಿಗೆ ಅಡ್ಡಲಾಗಿ ದೂರ ಸರಿಯುವುದೇ ಕೆಲಸ. ಬಟ್ಟೆಯ ಮುಖಗವಸು ಅನಿಲವನ್ನು ತಡೆಯುವುದಿಲ್ಲ. ನಮ್ಮ ಕೆಲಸ ಶುರುವಾಗುವುದು ಪೊಲೀಸರು ಹಾಕಿದ ಗಡಿಯ ಹೊರಗೆ, ‘ಎಲ್ಲ ಮುಗಿಯಿತು’ ಎಂದು ಹೇಳಿದ ಮೇಲೆ.

ಆ ‘ಮೇಲೆ’ ಎಂಬುದು ಸಣ್ಣ ಸಂಗತಿಯಲ್ಲ. ಟೆಕ್ಸಸ್‌ನ ಡೀರ್ ಪಾರ್ಕ್‌ನಲ್ಲಿ 2019ರ ಮಾರ್ಚ್ 17ರಂದು ಟ್ಯಾಂಕುಗಳಿಗೆ ಬಿದ್ದ ಬೆಂಕಿ 20ರಂದು ಆರಿತು. ಬೆಂಜೀನ್ ಏರಿ, ಜನ ಮನೆಯೊಳಗೇ ಇರಬೇಕೆಂಬ ಆದೇಶ ಬಂದದ್ದು ಮರುದಿನ. ಉರಿಯುವಾಗ ಆವಿ ಬೆಂಕಿಗೆ ಆಹುತಿಯಾಗುತ್ತದೆ, ಹೊಗೆ ಮೇಲಕ್ಕೆ ಹೋಗುತ್ತದೆ. ಬೆಂಕಿ ಆರಿದ ಮೇಲೆ ಉಳಿದ ದ್ರವ, ಅದರ ಮೇಲೆ ಅಗ್ನಿಶಾಮಕರು ಹರಡಿದ ನೊರೆಯ ಹೊದಿಕೆ ಹರಿದಲ್ಲೆಲ್ಲ ಸದ್ದಿಲ್ಲದೆ ಆವಿಯಾಗುತ್ತದೆ.

ಮಾದರಿ ತೆಗೆಯುವ ಗಳಿಗೆಯಲ್ಲಿ ಪುಸ್ತಕಕ್ಕೆ ಹೋಗಬೇಕಾದದ್ದು ಶುರು ಮತ್ತು ಕೊನೆಯ ಸಮಯ, ಜಾಗ, ಗಾಳಿ ಎತ್ತಲಿಂದ ಬೀಸುತ್ತಿದೆ, ಎಷ್ಟು ಜೋರು, ವಾಸನೆ ಹೇಗಿದೆ, ಯಾರಿಗೆ ಕಣ್ಣುರಿ. ಪಡುವಣ ಗಾಳಿ ಎಂದರೆ ಪಡುವಣದಿಂದ ಬರುವ ಗಾಳಿ. ಇದನ್ನು ಹಾಳೆಯ ತಲೆಯಲ್ಲೇ ಅಚ್ಚು ಮಾಡಿಸಿದ್ದೇವೆ, ಅರ್ಧ ಜನ ತಿರುವುಮುರುವು ಬರೆಯುತ್ತಾರೆ. ಉದ್ದ ಕೋಲಿಗೆ ಕಟ್ಟಿದ ರಿಬ್ಬನ್ ಮತ್ತು ಮೊಬೈಲ್‌ನ ದಿಕ್ಸೂಚಿ ಇದಕ್ಕೆ ಸಾಕು. ಗಾಳಿ ಬರುವ ಕಡೆಯಿಂದ ಒಂದು, ಹೋಗುವ ಕಡೆಯಿಂದ ಒಂದು ಎಂದು ಜೋಡಿಯಾಗಿ ತೆಗೆದ ಮಾದರಿಗೆ ಒಂಟಿ ಮಾದರಿಗಿಂತ ಬಹಳ ಹೆಚ್ಚು ತೂಕ. ರಸ್ತೆಯ ಪೆಟ್ರೋಲ್ ಆವಿ ಎರಡರಲ್ಲೂ ಇರುತ್ತದೆ, ಟ್ಯಾಂಕಿನದು ಒಂದರಲ್ಲೇ. ಏನೂ ಆಗದ ಸಾಧಾರಣ ದಿನಗಳ ಮಾದರಿಗಳನ್ನೂ ಇದೇ ಕಾರಣಕ್ಕೆ ತೆಗೆದಿಟ್ಟಿದ್ದೇವೆ. ಗಾಳಿ ನಿಂತ, ಆಕಾಶ ತಿಳಿಯಾದ ರಾತ್ರಿಗಳಲ್ಲಿ ಬೆಳಗಿನ ಜಾವವೇ ಕೆಟ್ಟ ಹೊತ್ತು; ನೆಲದ ಹತ್ತಿರದ ತಣ್ಣನೆಯ ಗಾಳಿ ಮೇಲೇಳದೆ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರದ ಕ್ಲೋರಿನ್, ಎರಡು ಪಟ್ಟಿಗೂ ಮೀರಿದ ವಿನೈಲ್ ಕ್ಲೋರೈಡ್ ತಗ್ಗುಗಳಲ್ಲಿ ನಿಲ್ಲುತ್ತವೆ.

ವಾಸನೆಯ ಪುಸ್ತಕವನ್ನು ಕೆಲವರು ಹಗುರವಾಗಿ ಕಾಣುತ್ತಾರೆ. 2023ರ ಫೆಬ್ರವರಿಯಲ್ಲಿ ಒಹಾಯೊದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ರೈಲು ಹಳಿ ತಪ್ಪಿದಾಗ ಚೆಲ್ಲಿದವುಗಳಲ್ಲಿ ಬ್ಯುಟೈಲ್ ಅಕ್ರಿಲೇಟ್ ಒಂದು. ಕೈ ಮೀಟರು ಗುರುತಿಸುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಅದು ಮೂಗಿಗೆ ಬಡಿಯುತ್ತದೆ. ಅದೇ ರೈಲಿನಲ್ಲಿದ್ದ ವಿನೈಲ್ ಕ್ಲೋರೈಡ್ ತದ್ವಿರುದ್ಧ: ವಾಸನೆ ತಿಳಿಯುವ ಹೊತ್ತಿಗೆ ಅಪಾಯದ ಮಟ್ಟ ಎಂದೋ ದಾಟಿರುತ್ತದೆ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ಸುಮಾರಿಗೆ ಮೂಗನ್ನೇ ಮರಗಟ್ಟಿಸುತ್ತದೆ. ಹಾಗಾಗಿ ‘ವಾಸನೆ ಬಂತು’ ಎಂಬುದು ದಾಖಲಾಗಬೇಕಾದ ಸುಳಿವು; ‘ವಾಸನೆ ಇಲ್ಲ’ ಎಂಬುದಕ್ಕೆ ಮೀಟರಿನ ಸೊನ್ನೆಗಿರುವಷ್ಟೇ ಬೆಲೆ.

ಪ್ರಯೋಗಾಲಯಕ್ಕೆ

ಚೀಲದ ವಾಲ್ವ್ ಮುಚ್ಚಿದ ಮೇಲೆಯೇ ಬಕೆಟ್‌ನ ಮುಚ್ಚಳ ತೆಗೆಯಬೇಕು. ಚೀಲದ ಮೇಲೆ ಮಾರ್ಕರ್‌ನಿಂದ ಬರೆಯಬಾರದು, ಶಾಯಿಯ ದ್ರಾವಕ ಒಳಕ್ಕಿಳಿಯುತ್ತದೆ. ಬಾಲ್ ಪೆನ್ನಿನಲ್ಲಿ ಬರೆದ ಚೀಟಿಯನ್ನು ದಾರದಿಂದ ಕಟ್ಟುತ್ತೇವೆ. ಕತ್ತಲಲ್ಲಿ, ತಂಪಲ್ಲಿ, ಆದರೆ ಮಂಜುಗಡ್ಡೆಯ ಮೇಲಲ್ಲ. ಮೂರು ದಿನದೊಳಗೆ ವಿಶ್ಲೇಷಣೆ ಆಗಬೇಕು. ಗಂಧಕದ ಸಂಯುಕ್ತಗಳಾದರೆ ಒಂದೇ ದಿನ. ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತೆಂಬ ಹಸ್ತಾಂತರ ಹಾಳೆಯಲ್ಲಿ ಒಂದು ಸಹಿ ತಪ್ಪಿದರೂ ಅದುವರೆಗಿನ ಶ್ರಮ ವ್ಯರ್ಥ.

ಪ್ರಯೋಗಾಲಯವೇ ಆರು ಲೀಟರಿನ ನಿರ್ವಾತ ಸ್ಟೀಲ್ ಕ್ಯಾನಿಸ್ಟರ್ ಎರವಲು ಕೊಡುವುದಾದರೆ ಬಕೆಟ್ ಬದಿಗಿಟ್ಟು ಅದನ್ನೇ ಬಳಸಿ. ಅದರಲ್ಲಿ ಮಾದರಿ ವಾರಗಟ್ಟಲೆ ಉಳಿಯುತ್ತದೆ, 24 ಗಂಟೆಯ ಸರಾಸರಿಯೂ ಸಿಗುತ್ತದೆ. ಮಾತುಕತೆಯನ್ನು ಮಾತ್ರ ಮೊದಲೇ ಮುಗಿಸಿ. ಟಿಒ-15 ವಿಧಾನದಲ್ಲಿ (ಗಾಳಿಯ ಸಾವಯವ ಆವಿಗಳನ್ನು ಅಳೆಯುವ ಅಮೆರಿಕದ ಪ್ರಮಾಣಿತ ವಿಧಾನ) ಮಾಡುತ್ತೀರಾ, ಪ್ರತಿ ವಸ್ತುವಿನ ಪತ್ತೆ ಮಿತಿ ಎಷ್ಟು, ಗ್ರಾಫಿನಲ್ಲಿ ಕಾಣುವ, ಪಟ್ಟಿಯಲ್ಲಿಲ್ಲದ ದೊಡ್ಡ ಶಿಖರಗಳ ಅಂದಾಜು ಹೆಸರನ್ನೂ ಕೊಡುತ್ತೀರಾ ಎಂದು ಕೇಳಬೇಕು. ಕೊನೆಯದನ್ನು ಕೇಳದಿದ್ದರೆ, ಸಿದ್ಧ ಪಟ್ಟಿಯ ಎಲ್ಲದರ ಎದುರೂ ‘ಪತ್ತೆಯಾಗಿಲ್ಲ’ ಎಂದು ಬಂದು, ನಿಜವಾಗಿ ಸೋರಿದ್ದು ಹೆಸರಿಲ್ಲದೆ ಉಳಿದುಬಿಡಬಹುದು. ಚೀಲ ಎಲ್ಲವನ್ನೂ ಹಿಡಿಯುವುದಿಲ್ಲ. ಹೈಡ್ರೋಜನ್ ಕ್ಲೋರೈಡ್ ಗೋಡೆಗೆ ಅಂಟುತ್ತದೆ, ಫಾರ್ಮಾಲ್ಡಿಹೈಡ್‌ಗೆ ಡಿಎನ್‌ಪಿಎಚ್ ಎಂಬ ರಾಸಾಯನಿಕ ಲೇಪಿಸಿದ ಕೊಳವೆ ಬೇಕು, ಡಯಾಕ್ಸಿನ್ ಹುಡುಕಬೇಕಾದ್ದು ಮಸಿಯಲ್ಲಿ ಮತ್ತು ಮಣ್ಣಿನಲ್ಲಿ.

ಈಗ ಮೇಜಿನ ಮೇಲಿರುವುದು ಎರಡೂ ಉಪಕರಣಗಳನ್ನು ಜೋಡಿಸುವ ಕೆಲಸ. ವಾಸನೆ ಬರುವುದು ಹೆಚ್ಚಾಗಿ ಎಲ್ಲರೂ ಮಲಗಿರುವ ಹೊತ್ತಿನಲ್ಲಿ. ಯಾರೋ ಎದ್ದು ಬಕೆಟ್ ಹುಡುಕುವಷ್ಟರಲ್ಲಿ ಗಾಳಿ ತಿರುಗಿರುತ್ತದೆ. ಪಿಐಡಿಯ ಮೂರು ನಿಮಿಷದ ಸರಾಸರಿ ಹಿಂದಿನ ಒಂದು ಗಂಟೆಯ ಹಿನ್ನೆಲೆಗಿಂತ ನಿಗದಿಯಾದಷ್ಟು ಮೇಲೇರಿದರೆ ರಿಲೇ ಎಂಬ ಸ್ವಿಚ್ಚು ಪಂಪನ್ನು ಹಚ್ಚುತ್ತದೆ, ಟೆಫ್ಲಾನ್ ಒಡಲಿನ, ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವ್ ತೆರೆಯುತ್ತದೆ, ಮೂರು ಲೀಟರ್ ಆದ ಮೇಲೆ ಎರಡೂ ನಿಲ್ಲುತ್ತವೆ. ತೇವಾಂಶ ಏರಿದಾಗ ಸುಮ್ಮಸುಮ್ಮನೆ ಚೀಲ ತುಂಬದಂತೆ ಬಿಎಂಇ280ರ ಗೆರೆಯನ್ನು ಲೆಕ್ಕದಿಂದ ಕಳೆಯುವ ಸಾಲುಗಳನ್ನು ಬರೆದಾಗಿದೆ. ಕಾಯಿಲ್‌ನ ಬಿಸಿಯಿಂದ ಸೊಲೆನಾಯ್ಡ್ ತಾನೇ ಏನಾದರೂ ಆವಿ ಬಿಡುತ್ತದೆಯೇ ಎಂದು ತಿಳಿಯಲು ಅದರ ಮೂಲಕ ಸಾರಜನಕ ಹಾಯಿಸಿ ತುಂಬಿದ ಚೀಲವೊಂದು ಪ್ರಯೋಗಾಲಯಕ್ಕೆ ಹೋಗಿದೆ. ಅದರ ವರದಿ ಬರುವವರೆಗೆ ವಾಲ್ವ್ ತಿರುಗಿಸುವುದು ಕೈಯಿಂದಲೇ.